ಹೆಸರಿಲ್ಲದ ಹೈಬ್ರಿಡ್ ಆರ್ಕಿಡ್, ವಿಪರೀತ ಸೆಕೆ, ಮೂರು ವರ್ಷದಿಂದ ಹೂವಿಲ್ಲ – ಏನ್ ಮಾಡೋದು?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗೋಕೆ ಮನಸ್ಸು ಬರ್ಲಿಲ್ಲ, ಯಾಕಂದ್ರೆ ಹನ್ನೊಂದು ವರ್ಷದ ಹಿಂದೆ ನನ್ನ ಕೈಲೂ ಇದೇ ಥರ ನಾಲ್ಕೈದು ಕುಂಡ ಇತ್ತು, ಇದೇ ಪ್ರಶ್ನೆ ಇತ್ತು, ಕೇಳೋಕೆ ಯಾರೂ ಇರ್ಲಿಲ್ಲ. ನೀವು ಬರೆದಿರೋದು ಇಷ್ಟು: ನಾಲ್ಕು ಆರ್ಕಿಡ್, ನಾಲ್ಕೂ ಹೈಬ್ರಿಡ್ ಅಂತ ಹೇಳಿ ಕೊಟ್ಟಿದ್ದು, ಲೇಬಲ್ ಇಲ್ಲ, ಎಲೆ ಬೇರು ಎಲ್ಲಾ ಚೆನ್ನಾಗೇ ಇದೆ, ಆದ್ರೆ ಮೂರು ವರ್ಷದಲ್ಲಿ ಒಂದೇ ಒಂದು ಮೊಗ್ಗು ಕಂಡಿಲ್ಲ. ಬೇಸಿಗೇಲಿ ಹಗಲು 38 ಡಿಗ್ರಿ, ರಾತ್ರಿ 27ರ ಕೆಳಗೆ ಇಳಿಯಲ್ಲ, ಚಳಿಗಾಲದಲ್ಲಿ ಎರಡು ತಿಂಗಳು ಮಾತ್ರ ರಾತ್ರಿ 19-20ಕ್ಕೆ ಬರತ್ತೆ. ಇವು ಯಾವ ಹೈಬ್ರಿಡ್, ಹೂ ಬರಿಸೋಕೆ ಯಾವ ಗೊಬ್ಬರ ಹಾಕ್ಬೇಕು ಅಂತ ಕೇಳಿದ್ದೀರಿ.

ಗೊಬ್ಬರದ ಮಾತು ಕೊನೆಗಿರ್ಲಿ. ನಿಮ್ಮ ಎರಡು ಪ್ರಶ್ನೇನೂ ಒಂದೇ ಪ್ರಶ್ನೆ ಅಂತ ನನಗನ್ಸತ್ತೆ. ಹೈಬ್ರಿಡ್ ಆರ್ಕಿಡ್ ಯಾವಾಗ ಹೂ ಬಿಡತ್ತೆ ಅನ್ನೋದನ್ನ ಅದರ ಅಜ್ಜ ಅಜ್ಜಿ ಯಾವ ಕಾಡಿಂದ ಬಂದ್ರು ಅನ್ನೋದೇ ತೀರ್ಮಾನ ಮಾಡತ್ತೆ. ಬೆಟ್ಟದ ಮೇಲಿನ ತಂಪು ಕಾಡಿನ ರಕ್ತ ಜಾಸ್ತಿ ಇದ್ರೆ ನೀವು ಎಷ್ಟೇ ಆರೈಕೆ ಮಾಡಿದ್ರೂ ಸೆಕೇಲಿ ಅದು ಎಲೆ ಬಿಟ್ಕೊಂಡು ಕೂರತ್ತೆ ಅಷ್ಟೇ, ಕೆಳಗಿನ ಬಿಸಿಲು ನಾಡಿನ ರಕ್ತ ಇದ್ರೆ ಇದೇ ಸೆಕೇಲಿ ವರ್ಷಕ್ಕೆ ಎರಡು ಸಲ ಹೂ ಕೊಡತ್ತೆ. ಹಾಗಾಗಿ ಪೂರ್ತಿ ಹೆಸರು ಸಿಗ್ದೇ ಇದ್ರೂ ಚಿಂತೆ ಇಲ್ಲ, ಕುಲ ಗೊತ್ತಾದ್ರೆ ಸಾಕು.

ಪೂರ್ತಿ ಹೆಸರು ಸಿಗೋದು ಯಾಕೆ ಕಷ್ಟ ಅಂದ್ರೆ, ಮನುಷ್ಯರು ಮಾಡಿದ ಮೊದಲ ಹೈಬ್ರಿಡ್ ಆರ್ಕಿಡ್ ಹೂ ಬಿಟ್ಟಿದ್ದು 1856ರಲ್ಲಿ, ಇಂಗ್ಲೆಂಡಲ್ಲಿ, ಜಾನ್ ಡಾಮಿನಿ ಅನ್ನೋ ತೋಟಗಾರ ಮಾಡಿದ್ದು, ಕ್ಯಾಲಾಂತೆ ಡಾಮಿನಿಯೈ ಅಂತ ಅದಕ್ಕೆ ಅವರದ್ದೇ ಹೆಸರಿಟ್ರು. ಅಲ್ಲಿಂದ ಇಲ್ಲೀವರೆಗೆ ಒಂದು ಲಕ್ಷಕ್ಕೂ ಹೆಚ್ಚು ಹೈಬ್ರಿಡ್‌ಗಳು ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ರಿಜಿಸ್ಟರ್‌ನಲ್ಲಿ ಸೇರಿವೆ. ಅಲ್ಲಿ ಹೆಸರು ಕೊಡೋದು ಒಂದು ಗಿಡಕ್ಕಲ್ಲ, ಒಂದು ಜೋಡಿ ತಂದೆ ತಾಯಿಗೆ ಹುಟ್ಟಿದ ಎಲ್ಲಾ ಮಕ್ಕಳಿಗೂ ಸೇರಿಸಿ ಒಂದೇ ಹೆಸರು, ಅದಕ್ಕೆ ಗ್ರೆಕ್ಸ್ ಅಂತಾರೆ. ಆ ಮಕ್ಕಳೊಳಗೆ ಯಾವುದೋ ಒಂದು ಗಿಡ ವಿಶೇಷವಾಗಿದ್ರೆ ಅದಕ್ಕೆ ಕೋಟ್ ಒಳಗೆ ಇನ್ನೊಂದು ಹೆಸರು, ಅದು ಕಲ್ಟಿವಾರ್. ಉದಾಹರಣೆಗೆ ವಾಂಡಾ ರಾತ್ಸ್‌ಚೈಲ್ಡಿಯಾನಾ ಅಂತ ನೀಲಿ ಹೂವಿನ ಪ್ರಸಿದ್ಧ ಹೈಬ್ರಿಡ್ ಇದೆ, 1931ರದ್ದು, ಅದರ ಒಂದು ಕಡೆ ವಾಂಡಾ ಸೀರೂಲಿಯಾ, ಬೆಟ್ಟದ ತಂಪಿಂದು, ಇನ್ನೊಂದು ಕಡೆ ವಾಂಡಾ ಸ್ಯಾಂಡೇರಿಯಾನಾ, ಫಿಲಿಪೈನ್ಸ್‌ನ ಬೆಚ್ಚಗಿನ ಕಾಡಿಂದು. ಒಂದೇ ಕಾಯಿಯ ಬೀಜದಿಂದ ಬಂದ ನೂರು ಸಸಿಯಲ್ಲಿ ಒಂದು ತಾಯಿ ಥರ, ಇನ್ನೊಂದು ತಂದೆ ಥರ, ಮಿಕ್ಕಿದ್ದು ಮಧ್ಯೆ ಎಲ್ಲೋ, ಎಲ್ಲದಕ್ಕೂ ಅದೇ ಹೆಸರು. ಈಗ ಹೇಳಿ, ಫೋಟೋ ನೋಡಿ "ಇದು ಇಂಥದ್ದೇ" ಅಂತ ಯಾರಾದ್ರೂ ಖಡಾಖಂಡಿತ ಹೇಳಿದ್ರೆ ನಂಬೋದು ಹೇಗೆ? ಕ್ಯಾಟ್ಲಿಯಾ ಅನ್ನೋ ಆರ್ಕಿಡ್ ಕುಲದಲ್ಲೇ ಒಂದೇ ಥರ ಕಾಣೋ ನೇರಳೆ ಹೂವಿನವು ನೂರಾರಿವೆ. ದಯವಿಟ್ಟು ಹೋಲಿಕೆ ನೋಡಿ ಹೆಸರು ಬರೆದು ಲೇಬಲ್ ಚುಚ್ಚಬೇಡಿ, ಆ ಗಿಡದ ತುಂಡು ಇನ್ನೊಬ್ಬರ ಕೈಗೆ ಹೋದಾಗ ತಪ್ಪು ಹೆಸರೂ ಜೊತೇಲಿ ಹೋಗತ್ತೆ, ಅವರು ಅದನ್ನ ಕ್ರಾಸ್ ಮಾಡಿದ್ರಂತೂ ತಪ್ಪಿನ ಮೇಲೆ ತಪ್ಪು. "ಕ್ಯಾಟ್ಲಿಯಾ ಜಾತಿ, ಒಂದೆಲೆ, ಹೆಸರು ಗೊತ್ತಿಲ್ಲ, ಇಂಥಾ ವರ್ಷ ತಂದಿದ್ದು" ಅಂತ ಬರೆದಿಡಿ, ಅದು ಸುಳ್ಳು ಹೆಸರಿಗಿಂತ ಸಾವಿರ ಪಾಲು ಮೇಲು.

ಈಗ ನಿಮ್ಮ ನಾಲ್ಕು ಕುಂಡ.

ಮೊದಲ್ನೇದು, ನೀವು "ಕಬ್ಬಿನ ಥರ ಗೆಣ್ಣಿರೋ ಕಾಂಡ, ಎಲೆ ಉದುರತ್ತೆ, ಹೂವಿನ ಬದಲು ಗೆಣ್ಣಿಂದ ಮರಿ ಗಿಡ ಬರತ್ತೆ" ಅಂದ್ರಲ್ಲ, ಅದು ಡೆಂಡ್ರೋಬಿಯಂ ನೋಬೈಲ್ ಕಡೆಯ ಹೈಬ್ರಿಡ್ ಅನ್ನೋದ್ರಲ್ಲಿ ನನಗೆ ಹೆಚ್ಚು ಅನುಮಾನ ಇಲ್ಲ. ನೋಬೈಲ್ ಹಿಮಾಲಯದ ತಪ್ಪಲಿನ ಗಿಡ, ಅದಕ್ಕೆ ಚಳಿಗಾಲದಲ್ಲಿ ನೀರು ಕಮ್ಮಿ ಮಾಡಿ ಹಲವು ವಾರ ರಾತ್ರಿ 10ರಿಂದ 15 ಡಿಗ್ರಿ ಸಿಗ್ಬೇಕು, ಆಗ ಗೆಣ್ಣಲ್ಲಿರೋ ಕಣ್ಣು ಹೂವಾಗತ್ತೆ. ಆ ತಂಪು ಸಿಗ್ದೇ ಹೋದ್ರೆ, ಮೇಲಿಂದ ನೀವು ಪ್ರೀತಿಯಿಂದ ನೀರು ಗೊಬ್ಬರ ಕೊಡ್ತಾನೇ ಇದ್ರೆ ಅದೇ ಕಣ್ಣು ಮರಿಯಾಗತ್ತೆ. ನಿಮ್ಮಲ್ಲಿ 19ಕ್ಕಿಂತ ಕೆಳಗೆ ಹೋಗಲ್ಲ ಅಂದ್ಮೇಲೆ ಇದು ನಿಮ್ಮ ತಪ್ಪಲ್ಲ, ಗಿಡದ ತಪ್ಪೂ ಅಲ್ಲ. ತಂಪು ಜಾಗದಲ್ಲಿ ಹೂ ಬರಿಸಿ, ಹೂವಿರುವಾಗಲೇ ಬಿಸಿ ಊರುಗಳಿಗೆ ಕಳಿಸಿ ಮಾರ್ತಾರೆ, ತಗೊಂಡವರು ಆಮೇಲೆ ವರ್ಷಗಟ್ಟಲೆ ಕಾಯ್ತಾರೆ, ಇದು ನನಗೆ ನಿಜಕ್ಕೂ ಬೇಸರ ತರಿಸೋ ವಿಷಯ. ತಂಪು ಜಾಗದಲ್ಲಿರೋ ಯಾರಿಗಾದ್ರೂ ಕೊಟ್ಬಿಡಿ. ನಾನು ನನ್ನ ಗಿಡವನ್ನ ಹಾಗೇ ಕೊಟ್ಟೆ, ಮುಂದಿನ ವರ್ಷ ಅವರು ಕಳಿಸಿದ ಫೋಟೋದಲ್ಲಿ ಕಾಂಡದ ಬುಡದಿಂದ ತುದೀವರೆಗೂ ಹೂವಿತ್ತು. ಬದಲಿಗೆ ಡೆಂಡ್ರೋಬಿಯಂನಲ್ಲೇ ಬಿಗಿಬ್ಬಂ ಕಡೆಯ ಹೈಬ್ರಿಡ್ ಇಟ್ಕೊಳ್ಳಿ, ಎಲೆ ದಪ್ಪ ಇರತ್ತೆ, ಬೇಗ ಉದುರಲ್ಲ, ಹೂಕಡ್ಡಿ ಕಾಂಡದ ತುದಿ ಹತ್ತಿರದಿಂದ ಬಾಗ್ಕೊಂಡು ಬರತ್ತೆ, ಹೂಗುಚ್ಛಗಳಲ್ಲಿ ನೋಡೋ ಸೋನಿಯಾ ಅನ್ನೋದು ಇದೇ ಗುಂಪಿಂದು. ಇದಕ್ಕೆ ನಿಮ್ಮ ಸೆಕೆ ಅಂದ್ರೆ ತವರು ಮನೆ ಇದ್ದ ಹಾಗೆ. ದಳ ಸುರುಳಿ ಸುತ್ತಿ ಜಿಂಕೆ ಕೊಂಬಿನ ಥರ ನಿಂತಿರೋ ಜಾತೀನೂ ಅಷ್ಟೇ, ಬಿಸಿಲಿಗೆ ಹೆದರಲ್ಲ.

ಎರಡನೇದು ಪೆನ್ಸಿಲ್ ಥರ ದುಂಡಗಿನ ಎಲೆ, ಕಂಬ ಹತ್ತುತ್ತಾ ಹೋಗೋದು. ಅದು ವಾಂಡಾ ಬಳಗದ್ದು. ಈ ಬಳಗದಲ್ಲಿ ಎಲೆ ನೋಡಿದ್ರೆ ಅರ್ಧ ಜಾತಕ ಗೊತ್ತಾಗತ್ತೆ: ಪಟ್ಟಿ ಥರ ಅಗಲ ಎಲೆ ಒಂದು ಗುಂಪು, ಪೂರ್ತಿ ದುಂಡು ಎಲೆ ಇನ್ನೊಂದು, ಅವೆರಡರ ಮಕ್ಕಳು ಮಧ್ಯದ್ದು, ಕಾಲುವೆ ಥರ ಆಳವಾಗಿ ಮಡಚಿಕೊಂಡ ಗಟ್ಟಿ ಎಲೆ. ದುಂಡೆಲೆಯವನ್ನ ಈಗ ಪ್ಯಾಪಿಲಿಯೊನಾಂತೆ ಅನ್ನೋ ಕುಲಕ್ಕೆ ಸೇರಿಸಿದ್ದಾರೆ. ಇದರಲ್ಲಿ ಎಲ್ಲರಿಗೂ ಗೊತ್ತಿರೋದು ಮಿಸ್ ಜೋಕಿಂ, 1893ರಲ್ಲಿ ಸಿಂಗಾಪುರದಲ್ಲಿ ಆಗ್ನೆಸ್ ಜೋಕಿಂ ಅವರ ತೋಟದಿಂದ ಹೊರಗೆ ಬಂದಿದ್ದು, 1981ರಿಂದ ಆ ದೇಶದ ರಾಷ್ಟ್ರೀಯ ಹೂ, ಟೆರೆಸ್ ಮತ್ತು ಹೂಕೇರಿಯಾನಾ ಅನ್ನೋ ಎರಡು ಜಾತಿಯ ಮಗು. ಈ ಗಿಡದ ಸ್ವಭಾವ ಗೊತ್ತಿಲ್ದೆ ನಾನು ಆರು ವರ್ಷ ಕಳೆದೆ. ನೆರಳು ಬಲೆ ಕೆಳಗೆ ಇಟ್ಟಿದ್ದೆ, ತುದಿ ಬಲೆಗೆ ತಾಗಿದಾಗೆಲ್ಲ ಕತ್ತರಿಸಿ ಕೆಳಗೆ ನೆಡ್ತಿದ್ದೆ, ಗಿಡ ಸಾಲು ಸಾಲಾಗಿ ಬೆಳೀತು, ಹೂ ಮಾತ್ರ ಇಲ್ಲ. ಆಮೇಲೆ ಗೊತ್ತಾಯ್ತು, ಇದರ ತುದಿ ಆಸರೆ ಕಂಬದಿಂದ ಒಂದು 40-50 ಸೆಂಟಿಮೀಟರ್ ಮೇಲೆದ್ದು ನೇರ ಬಿಸಿಲಲ್ಲಿ ನಿಂತಾಗ ಮಾತ್ರ ಮೊಗ್ಗು ಕಟ್ಟೋದು ಅಂತ. ಬಲೆ ಸರಿಸಿದೆ, ತುದಿ ಮುಟ್ಟದೆ ಬಿಟ್ಟೆ. ಏಳು ತಿಂಗಳಿಗೆ ಎಲೆ ಎದುರಿಂದ ಹಸಿರು ಕಡ್ಡಿ ಹೊರಟಿತ್ತು, ನಾನು ಬೇರು ಅನ್ಕೊಂಡು ದಿನಾ ನೋಡ್ತಿದ್ದೆ, ಒಂದಿನ ಬೆಳಿಗ್ಗೆ ಅದರ ತುದೀಲಿ ಅಕ್ಕಿ ಕಾಳಿನಷ್ಟು ಎರಡು ಗಂಟು. ಅವತ್ತು ಮನೇಲಿ ಎಲ್ಲರನ್ನೂ ಕರೆದು ತೋರಿಸಿದ್ದೆ. ನೀವು ಒಂದೇ ಸಲ ನೆರಳಿಂದ ಪೂರ್ತಿ ಬಿಸಿಲಿಗೆ ಇಡ್ಬೇಡಿ, ಎಲೆ ಸುಡತ್ತೆ, ನಾಲ್ಕೈದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ತನ್ನಿ, ಗಾಳಿ ಓಡಾಡೋ ಹಾಗಿರ್ಲಿ, ಇದು ಗೊಬ್ಬರವನ್ನೂ ಚೆನ್ನಾಗಿ ತಿನ್ನೋ ಗಿಡ.

ಮೂರನೇದರ ಬಗ್ಗೆ ನನಗೆ ಹೇಳೋಕೆ ಜಾಸ್ತಿ ಇದೆ. ಉಬ್ಬಿದ ಕಾಂಡ, ಮೇಲೆ ಒಂದೇ ಗಟ್ಟಿ ಎಲೆ, ಎಲೆ ಬುಡದಲ್ಲಿ ಲಕೋಟೆ ಥರ ಬಂದು ಒಣಗಿ ಹೋಗತ್ತೆ ಅಂದ್ರಿ. ಇದು ಕ್ಯಾಟ್ಲಿಯಾ ಬಳಗ. ಲಕೋಟೆ ಅಂದ್ರೆ ಶೀತ್, ಮೊಗ್ಗನ್ನ ಕಾಯೋ ಚೀಲ. ಕಾಂಡಕ್ಕೆ ಒಂದೆಲೆ ಇದ್ರೆ ಸಾಮಾನ್ಯವಾಗಿ ದೊಡ್ಡ ಹೂ, ಎರಡರಿಂದ ನಾಲ್ಕು. ಎರಡೆಲೆ ಇದ್ರೆ ಚಿಕ್ಕ ಹೂ, ಗೊಂಚಲಾಗಿ. ಹಳೇ ಲೇಬಲ್ ಎಲ್ಲಾದ್ರೂ ಸಿಕ್ಕು ಅದರಲ್ಲಿ ಬ್ರಾಸೋಲೇಲಿಯೊಕ್ಯಾಟ್ಲಿಯಾ ಅಂತಿದ್ರೆ ಗಾಬರಿ ಬೇಡ, ಈಗ ಅದನ್ನ ಬಹುಪಾಲು ರಿಂಕೊಲೇಲಿಯೊಕ್ಯಾಟ್ಲಿಯಾ ಅಂತಾರೆ, ಗಿಡ ಅದೇ, ವರ್ಗೀಕರಣ ಬದಲಾಯ್ತು ಅಷ್ಟೇ. ಈ ಬಳಗದ ಒಳಗೇ ಸೆಕೆ ತಡೆಯೋದು ತಡೀದೇ ಇರೋದು ಎರಡೂ ಇದೆ. ಎಲೆ ಮೇಲೆ ಬೂದಿ ಸವರಿದ ಹಾಗೆ ಬಿಳಿ ಪೊರೆ ಇದ್ರೆ ಡಿಗ್‌ಬಿಯಾನಾ ಅನ್ನೋ ಜಾತಿಯ ರಕ್ತ ಅಂತ ಊಹೆ ಮಾಡ್ಬಹುದು, ಹೂ ಬಂದಾಗ ತುಟಿ ಅಂಚು ಝಾಲರಿ ಥರ ಇದ್ರೆ ಊಹೆ ಗಟ್ಟಿ, ಇದಕ್ಕೆ ಸೆಕೆ ತೊಂದರೆ ಇಲ್ಲ ಆದ್ರೆ ಬೆಳಕು ಸಾಲ್ದಿದ್ರೆ ವರ್ಷಗಟ್ಟಲೆ ಮುಷ್ಕರ ಹೂಡತ್ತೆ. ಪೆನ್ಸಿಲ್‌ನಂಥ ಕಿರಿದಾದ ದಪ್ಪ ಎಲೆ ಇದ್ದು ರಾತ್ರಿ ಹೊತ್ತು ಘಮ ಬಂದ್ರೆ ಬ್ರಾಸವೋಲಾ ನೋಡೋಸಾ ಕಡೇದು, ಸೆಕೆಗೆ ಇದಕ್ಕಿಂತ ಒಳ್ಳೇ ನೆಂಟ ಇಲ್ಲ. ಗಿಡ ಗಿಡ್ಡ, ಹೂ ಕಡುಗೆಂಪು ಅಂದ್ರೆ ಬ್ರೆಜಿಲ್‌ನ ತಂಪು ಬೆಟ್ಟದ ಕಾಕ್ಸಿನಿಯಾ ರಕ್ತ ಇರೋ ಸಾಧ್ಯತೆ ಹೆಚ್ಚು, ಅದು ಜಾಸ್ತಿ ಇದ್ರೆ ನಿಮ್ಮಲ್ಲಿ ಕಷ್ಟ.

ಹೂ ಒಂದು ಸಲ ಬಂದ್ರೆ ಕುಲ ಪತ್ತೆಗೆ ಒಂದು ಹಳೇ ವಿಧಾನ ಇದೆ, ನನಗೆ ತುಂಬಾ ಇಷ್ಟ. ಹೂವಿನ ಮಧ್ಯದ ಕಂಬದ ತುದೀಲಿ ಬಿಳೀ ಟೋಪಿ ಥರ ಒಂದು ಇರತ್ತೆ. ಹಲ್ಲುಕಡ್ಡಿ ತುದಿಯಿಂದ ಅದನ್ನ ಕೆಳಗಿಂದ ಮೇಲಕ್ಕೆ ಮೆಲ್ಲಗೆ ಎತ್ತಿ, ಟೋಪಿ ಕಳಚತ್ತೆ, ಕಡ್ಡಿಗೆ ಹಳದಿ ಉಂಡೆಗಳು ಅಂಟಿಕೊಂಡು ಬರತ್ತೆ. ಅದೇ ಪರಾಗದ ಗಂಟು, ಪೊಲಿನಿಯಾ. ಕಪ್ಪು ಕಾಗದದ ಮೇಲಿಟ್ಟು ಎಣಿಸಿ. ಹಳೇ ಲೆಕ್ಕದ ಕ್ಯಾಟ್ಲಿಯಾದಲ್ಲಿ ನಾಲ್ಕು, ಅದರ ನೆಂಟ ಕುಲ ಲೇಲಿಯಾದಲ್ಲಿ ಎಂಟು, ಎರಡರ ಹೈಬ್ರಿಡ್ ಆದ್ರೆ ನಾಲ್ಕು ದೊಡ್ಡದು ನಾಲ್ಕು ಚಿಕ್ಕದು. ವಾಂಡಾ ಅಥವಾ ಆನ್ಸಿಡಿಯಂ ಅನ್ನೋ ಇನ್ನೊಂದು ಕುಲದ ಕಡೇದಾದ್ರೆ ಎರಡೇ, ಅದೂ ಒಂದು ಪುಟ್ಟ ಪಟ್ಟಿಗೆ ಅಂಟಿಕೊಂಡಿರತ್ತೆ. ಮೊದಲ ಸಲ ನಾನು ಹೀಗೆ ಎತ್ತಿದಾಗ ನಾಲ್ಕು ಸಾಸಿವೆಯಷ್ಟಿತ್ತು, ಪಕ್ಕದಲ್ಲಿ ಇನ್ನೂ ನಾಲ್ಕು ರವೆಯಷ್ಟು, ಕ್ಯಾಟ್ಲಿಯಾ ಅಂತ ಮಾತ್ರ ಹೇಳಿ ಕೊಟ್ಟಿದ್ದ ಗಿಡದ ಒಳಗೆ ಇನ್ನೊಂದು ಮನೆತನ ಇದೆ ಅಂತ ಕಣ್ಣಾರೆ ಕಂಡಿದ್ದು ಆವತ್ತೇ. ಒಂದು ಎಚ್ಚರ, ಟೋಪಿ ತೆಗೆದ ಹೂ ಬೇಗ ಬಾಡತ್ತೆ, ಎರಡು ಮೂರು ಹೂ ಇದ್ದಾಗ ಹಳೇದೊಂದರ ಮೇಲೆ ಮಾತ್ರ ಮಾಡಿ.

ಆದ್ರೆ ನಿಮ್ಮ ಗಿಡ ಹೂವೇ ಬಿಟ್ಟಿಲ್ಲ. ಮೊದ್ಲು ಒಂದು ಲೆಕ್ಕ ನೋಡಿ: ಕ್ಯಾಟ್ಲಿಯಾದಲ್ಲಿ ಹೂ ಬರೋದು ಹೊಸದಾಗಿ ಬಲಿತ ಕಾಂಡದಿಂದ, ಹಳೇ ಕಾಂಡದಿಂದ ಸಾಮಾನ್ಯವಾಗಿ ಬರಲ್ಲ. ಹೊಸ ಕಾಂಡ ಹಿಂದಿನದಕ್ಕಿಂತ ಎತ್ತರ ದಪ್ಪ ಇದ್ರೆ ಗಿಡ ಮೇಲಕ್ಕೆ ಹೋಗ್ತಿದೆ ಅಂತ, ಚಿಕ್ಕದಾಗ್ತಾ ಇದ್ರೆ ಬೇರು ಅಥವಾ ಬೆಳಕಲ್ಲಿ ಕೊರತೆ. ಎಲೆ ಕಡು ಹಸಿರು, ಬಾಗಿ ಬೀಳೋ ಹಾಗಿದ್ರೆ ಬೆಳಕು ಸಾಲ್ದು. ನೋಡೋಕೆ ಚೆಂದ, ಹೂವಿಗೆ ಕೆಟ್ಟದ್ದು. ಸ್ವಲ್ಪ ಹಳದಿ ಬೆರೆತ ಹಸಿರಿಗೆ ಬರ್ಬೇಕು. ಮಧ್ಯಾಹ್ನ ಎಲೆಯಿಂದ ಒಂದಡಿ ಮೇಲೆ ಕೈ ಹಿಡಿದು ನೆರಳು ನೋಡಿ, ಅಂಚು ಮೆತ್ತಗೆ ಆದ್ರೂ ಐದು ಬೆರಳೂ ಗೊತ್ತಾಗೋ ಹಾಗಿದ್ರೆ ಕ್ಯಾಟ್ಲಿಯಾಗೆ ಸರಿ, ಬರೀ ಮಸುಕು ಮಚ್ಚೆ ಕಂಡ್ರೆ ಅದು ಕಮ್ಮಿ ಬೆಳಕು ಸಾಕಾಗೋ ಫೆಲನಾಪ್ಸಿಸ್‌ಗೆ (ನಿಮ್ಮ ನಾಲ್ಕನೇ ಕುಂಡದ್ದು) ಮಾತ್ರ ಸರಿ. ಮೊಬೈಲ್‌ನ ಲಕ್ಸ್ ಮೀಟರ್ (ಬೆಳಕು ಅಳೆಯೋ ಆ್ಯಪ್) ನೋಡೋರಾದ್ರೆ ಅಂದಾಜು 20,000ದಿಂದ 30,000 ಲಕ್ಸ್. ಬಿಸಿಲು ಜಾಸ್ತಿ ಆಯ್ತಾ ಅಂತ ತಿಳಿಯೋಕೆ ಎಲೆ ಮುಟ್ಟಿ ನೋಡಿ, ಸುತ್ತಲ ಗಾಳಿಗಿಂತ ಬಿಸಿ ಅನ್ಸಿದ್ರೆ ಗಾಳಿ ಬೇಕು ಇಲ್ಲಾ ನೆರಳು ಬೇಕು.

ಇಷ್ಟೆಲ್ಲ ಸರಿ ಇದ್ದೂ ನನ್ನ ಒಂದು ಗಿಡ ಪ್ರತಿ ವರ್ಷ ಶೀತ್ ಮಾಡೋದು, ಒಳಗೆ ಖಾಲಿ. ನಾಲ್ಕು ವರ್ಷ. ಪಕ್ಕದಲ್ಲಿದ್ದ ಅದೇ ಗಿಡದ ತುಂಡು, ನಾನೇ ಸೀಳಿ ನೆಟ್ಟಿದ್ದು, ಗೋಡೆ ಆಚೆ ಕಡೆ ಇಟ್ಟಿದ್ದೆ, ಅದು ಹೂ ಬಿಡ್ತು. ಒಂದೇ ನೀರು, ಒಂದೇ ಗೊಬ್ಬರ, ಒಂದೇ ಸೆಕೆ. ಒಂದು ರಾತ್ರಿ ಕರೆಂಟ್ ಹೋಗಿ ಬಂದಾಗ ಕಣ್ಣಿಗೆ ಬಿತ್ತು, ಹೂ ಬಿಡದ ಗಿಡದ ಮೇಲೆ ರಾತ್ರಿಯಿಡೀ ವರಾಂಡದ ದೀಪದ ಬೆಳಕು ಬೀಳ್ತಿತ್ತು. ಕ್ಯಾಟ್ಲಿಯಾ ಲಾಬಿಯಾಟಾ ಮತ್ತು ಅದರ ಕೆಲವು ನೆಂಟರು ಹಗಲು ಗಿಡ್ಡ ಆಗ್ತಾ ಬಂದಾಗ ಮೊಗ್ಗು ಕಟ್ಟೋ ಜಾತಿ, ಅವಕ್ಕೆ ಉದ್ದ ಕತ್ತಲೆ ಬೇಕು, ಮಧ್ಯೆ ದೀಪ ಉರಿದ್ರೆ ಇನ್ನೂ ಬೇಸಿಗೆ ಅಂತ್ಲೇ ಅನ್ಕೊಳತ್ತೆ. ಕುಂಡವನ್ನ ರಾತ್ರಿ ದೀಪ ಬೀಳದ ಮೂಲೆಗೆ ಸರಿಸಿದೆ, ಆ ವರ್ಷವೇ ಹೂ ಬಂತು. ನಿಮ್ಮ ಕುಂಡದ ಮೇಲೆ ಬೀದಿ ದೀಪ, ಅಂಗಳದ ದೀಪ ಏನಾದ್ರೂ ಬೀಳ್ತಿದ್ಯಾ ಅಂತ ಇವತ್ತು ರಾತ್ರಿನೇ ಹೋಗಿ ನೋಡಿ. ಇನ್ನು ಶೀತ್ ಒಣಗಿ ಕಂದು ಆಯ್ತು ಅಂತ ಕಿತ್ತು ಬಿಸಾಕ್ಬೇಡಿ, ಕೆಲವು ಹೈಬ್ರಿಡ್‌ಗಳು ಒಣಗಿದ ಶೀತ್ ಒಳಗಿಂದಾನೇ ತಿಂಗಳುಗಳ ನಂತರ ಮೊಗ್ಗು ತರತ್ತೆ.

ನಾಲ್ಕನೇದು ಅಗಲ ಎಲೆ, ಕಾಂಡ ಇಲ್ಲದ್ದು, ಫೆಲನಾಪ್ಸಿಸ್. ದೊಡ್ಡ ಬಿಳಿ ಗುಲಾಬಿ ಹೂವಿನ ಮಾಮೂಲಿ ಹೈಬ್ರಿಡ್ ಆದ್ರೆ ಹಗಲು 28ರ ಮೇಲೇ ಇರೋವರೆಗೆ ಹೂಕಡ್ಡಿ ಹೊರಡೋದು ಕಷ್ಟ, ಹಗಲು 25ರ ಆಸುಪಾಸು, ರಾತ್ರಿ 20ರ ಹತ್ತಿರ ನಾಲ್ಕಾರು ವಾರ ಸಿಕ್ಕಿದ್ರೆ ಹೊರಡತ್ತೆ. ನಿಮಗೆ ಎರಡು ತಿಂಗಳ ತಂಪು ಇದ್ಯಲ್ಲ, ಅದನ್ನ ವ್ಯರ್ಥ ಮಾಡ್ಬೇಡಿ: ಆ ದಿನಗಳಲ್ಲಿ ಗಿಡ ಮನೆ ಒಳಗಿಂದ ಹೊರಗೆ ಬರ್ಲಿ, ಹಗಲು ಬಿಸಿಯಾಗೋ ಗೋಡೆಯಿಂದ ದೂರ, ರಾತ್ರಿ ಗಾಳಿ ತಾಗೋ ಕಡೆ. ಹೊಸ ಚಿಗುರು ದುಂಡಗೆ ಇದ್ರೆ ಬೇರು, ತುದಿ ಸ್ವಲ್ಪ ಚಪ್ಪಟೆಯಾಗಿ ಬೆರಳು ಕಾಣದ ಕೈಗವಸಿನ ಹಾಗಿದ್ರೆ ಹೂಕಡ್ಡಿ. ಮುಂದೆ ತಗೊಳ್ಳೋದಾದ್ರೆ ವಯೋಲೇಸಿಯಾ, ಬೆಲ್ಲಿನಾ, ಪುಲ್ಚೆರಿಮಾ ರಕ್ತ ಇರೋದನ್ನ ಹುಡುಕಿ, ಇವು ಸೆಕೇಲೂ ಹೂ ಬಿಡೋ ಜಾತಿ. ವಯೋಲೇಸಿಯಾ ಬೆಲ್ಲಿನಾ ಮಕ್ಕಳ ಹೂಕಡ್ಡಿ ಗಿಡ್ಡ, ಹೂ ಮೇಣದ ಥರ, ಪರಿಮಳ ಇರತ್ತೆ, ಹೂ ಉದುರಿದ್ಮೇಲೆ ಕಡ್ಡಿ ಹಸಿರಿದ್ರೆ ಕತ್ತರಿಸ್ಬೇಡಿ, ಅದೇ ಕಡ್ಡೀಲಿ ಮತ್ತೆ ಬರತ್ತೆ.

ಸೆಕೆ ಅಂದ್ರೆ ಹಗಲಿನ 38ಕ್ಕೆ ಎಲ್ಲರೂ ಹೆದರ್ತಾರೆ, ನನ್ನ ಅನುಭವದಲ್ಲಿ ಹೂವನ್ನ ಕೊಲ್ಲೋದು ರಾತ್ರಿಯ 27. ಕ್ಯಾಟ್ಲಿಯಾ, ಫೆಲನಾಪ್ಸಿಸ್, ವಾಂಡಾ ಇವೆಲ್ಲ ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆದು ಇಂಗಾಲದ ಡೈ ಆಕ್ಸೈಡ್ ಒಳಗೆ ತಗೊಳ್ಳೋ ಗಿಡಗಳು. ರಾತ್ರಿ ಬಿಸಿ ಒಣ ಗಾಳಿ ಇದ್ರೆ ಅದು ಸರಿಯಾಗಿ ತೆರೆಯಲ್ಲ, ಹಗಲು ಕೂಡಿಟ್ಟ ಸಕ್ಕರೇನೂ ರಾತ್ರಿ ಉಸಿರಾಟಕ್ಕೇ ಖರ್ಚಾಗತ್ತೆ, ಹೂವಿಗೆ ಉಳಿಯೋದೇನು? ಅದಕ್ಕೆ ಸಂಜೆ ಗಿಡದ ಕೆಳಗಿನ ನೆಲಕ್ಕೆ ಧಾರಾಳವಾಗಿ ನೀರು ಚಿಮುಕಿಸಿ, ಗಿಡದ ಸುಳಿಗಲ್ಲ, ಸುಳಿಯಲ್ಲಿ ನೀರು ನಿಂತ್ರೆ ಕೊಳೆಯತ್ತೆ. ಒಂದು ಚಿಕ್ಕ ಫ್ಯಾನ್ ರಾತ್ರಿಯಿಡೀ ಓಡಲಿ. ಒದ್ದೆ ನೆಲದ ಮೇಲೆ ಗಾಳಿ ಆಡಿದ್ರೆ ಎರಡು ಮೂರು ಡಿಗ್ರಿ ಇಳಿಯೋದನ್ನ ನಾನು ಥರ್ಮಾಮೀಟರ್ ಇಟ್ಟು ನೋಡಿದ್ದೀನಿ, ಹವೆ ಒಣ ಇದ್ದಾಗ ಇದು ಚೆನ್ನಾಗಿ ನಡೆಯತ್ತೆ, ಮಳೆಗಾಲದ ತೇವದಲ್ಲಿ ಅಷ್ಟಿಲ್ಲ. ಕುಂಡದ ಒಳಗೆ ಪಾಚಿ (ಸ್ಪಾಂಜಿನಂತೆ ನೀರು ಹಿಡಿಯೋ ಮಾಸ್) ತುಂಬಿ ಕೊಟ್ಟಿದ್ರೆ ತೆಗೆದುಬಿಡಿ, ಸೆಕೇಲಿ ಒದ್ದೆ ಪಾಚಿ ಬೇರನ್ನ ಬೇಯಿಸಿದ ಹಾಗೆ ಮಾಡತ್ತೆ, ಇದ್ದಿಲು ಮತ್ತು ಇಟ್ಟಿಗೆ ಚೂರು ಒಳ್ಳೇದು, ಮಣ್ಣಿನ ಕುಂಡ ಇನ್ನೂ ಒಳ್ಳೇದು. ಕ್ಯಾಟ್ಲಿಯಾವನ್ನ ಮಾತ್ರ ಹೊಸ ಬೇರಿನ ತುದಿ ಹಸಿರಾಗಿ ಇಣುಕೋವರೆಗೆ ಕದಲಿಸ್ಬೇಡಿ. ನೀರು ಹಾಕುವಾಗ ಬೇರು ನೋಡಿ, ಒಣಗಿದ್ದಾಗ ಬೆಳ್ಳಿ ಬಣ್ಣ, ನೀರು ಕುಡಿದಾಗ ಹಸಿರು, ಪೂರ್ತಿ ಹಸಿರಾಗೋವರೆಗೆ ಹಾಕಿ ನಿಲ್ಲಿಸಿ.

ಈಗ ಗೊಬ್ಬರ. ಹೂ ಬರಿಸೋ ಪುಡಿ ಅಂತ ರಂಜಕ ಜಾಸ್ತಿ ಇರೋದನ್ನ ಮಾರ್ತಾರೆ, ತಂಪು ಬೇಕಾದ ಗಿಡಕ್ಕೆ, ಕತ್ತಲೆ ಬೇಕಾದ ಗಿಡಕ್ಕೆ ಅದನ್ನ ಎಷ್ಟು ಸುರಿದ್ರೂ ಹೂ ಬರಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ ಮಾಮೂಲಿ ಗೊಬ್ಬರ, ಪ್ಯಾಕೆಟ್ ಮೇಲೆ ಬರೆದದ್ದರ ಕಾಲು ಭಾಗ, ಬೆಳೀತಿರೋವಾಗ ವಾರಕ್ಕೊಂದು ಸಲ, ತಿಂಗಳಿಗೊಮ್ಮೆ ಬರೀ ನೀರಲ್ಲಿ ಚೆನ್ನಾಗಿ ತೊಳೀರಿ.

ನೋಬೈಲ್‌ಗೆ ಮನೆ ಹುಡುಕಿ, ದುಂಡೆಲೆಯದನ್ನ ಮೆಲ್ಲಗೆ ಬಿಸಿಲಿಗೆ ತನ್ನಿ, ಕ್ಯಾಟ್ಲಿಯಾವನ್ನ ರಾತ್ರಿ ದೀಪ ಬೀಳದ ಕಡೆ ಸರಿಸಿ. ಮುಂದಿನ ಶೀತ್ ಬಂದಾಗ ಸಂಜೆ ಹೊತ್ತು ಅದರ ಹಿಂದೆ ಟಾರ್ಚ್ ಹಿಡಿದು ನೋಡಿ, ಬುಡದಲ್ಲಿ ಕಡಲೆ ಬೇಳೆಯಷ್ಟು ಕಪ್ಪು ನೆರಳು ಕಂಡ್ರೆ ಅದೇ ಮೊಗ್ಗು. ಆಗ ಒಂದು ಫೋಟೋ ಹಾಕಿ, ಹೂ ಬಂದ ಮೇಲೆ ಟೋಪಿ ಎತ್ತಿ ಎಷ್ಟು ಉಂಡೆ ಇತ್ತು ಅಂತಾನೂ ಬರೀರಿ, ಕುಲ ಯಾವುದು ಅಂತ ಇಬ್ರೂ ಸೇರಿ ನೋಡೋಣ.